ಬರೀ ಫಾರ್ವರ್ಡ್ ಮಾಡಿದ್ದು, ಫಾದರ್!

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಮಾಂಸ ಬಿಡುವುದು ಸುಲಭ. ಕೋಳಿ ತಾನಾಗಿ ತಟ್ಟೆಗೆ ಹಾರಿ ಬರುವುದಿಲ್ಲ. ಅಂಗಡಿಗೆ ಹೋಗಬೇಕು, ಚೀಲ ಹಿಡಿದು ನಿಲ್ಲಬೇಕು, ಮನೆಗೆ ತಂದು ಮಸಾಲೆ ಅರೆಯಬೇಕು. ‘ಅಯ್ಯೋ, ಇವತ್ತು ಶುಕ್ರವಾರ’ ಎಂದು ನೆನಪಾಗಲು ನಡುವೆ ನಾಲ್ಕು ಕಡೆ ಅವಕಾಶವಿದೆ. ಮಾತಿಗೆ ಅಂಥ ತಡೆಗಳಿಲ್ಲ. ಹೆಬ್ಬೆರಳು ತಾಗಿತು, ಹೋಯಿತು. ಹಾಗಾಗಿ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ‘ಈ ಸಲ ನಾಲಿಗೆಗೆ ಉಪವಾಸ, ಮೊಬೈಲಿಗೂ ಉಪವಾಸ’ ಎಂದು ಸಂಕಲ್ಪ ಮಾಡಿದವರಲ್ಲಿ ಅನೇಕರು ಬೂದಿ ಅಳಿಸುವ ಮೊದಲೇ ಮುಗ್ಗರಿಸುತ್ತಾರೆ. ಯಾರನ್ನೋ ಬೈದು ಅಲ್ಲ, ಆ ಸಂಕಲ್ಪವನ್ನೇ ಸ್ಟೇಟಸ್ ಹಾಕಿ.

‘ಇಂದಿನಿಂದ 40 ದಿನ ಸೋಶಿಯಲ್ ಮೀಡಿಯಾದಿಂದ ದೂರ. ನಿಮ್ಮ ಪ್ರಾರ್ಥನೆಯಲ್ಲಿ ನನ್ನ ನೆನಪಿರಲಿ.’ ಹಿಂದೆ ಶಿಲುಬೆಯ ಚಿತ್ರ, ಕೆಳಗೆ ಜೋಡಿಸಿದ ಕೈ. ಸ್ಟೇಟಸ್ಸಿನ ಆಯುಷ್ಯ 24 ಗಂಟೆ. ಯಾರ್ಯಾರು ನೋಡಿದರು, ನೋಡಿಯೂ ಸುಮ್ಮನಿದ್ದವರು ಯಾರು ಎಂದು ಗಳಿಗೆಗೊಮ್ಮೆ ತೆಗೆದು ನೋಡುವುದರಲ್ಲೇ ಉಪವಾಸದ ಮೊದಲ ದಿನ ಕಳೆಯುತ್ತದೆ. ವಿಚಿತ್ರವೆಂದರೆ ಅದೇ ದಿನ ಪೂಜೆಯಲ್ಲಿ ಓದುವ ಶುಭಸಂದೇಶ ಮತ್ತಾಯನ 6ನೇ ಅಧ್ಯಾಯದ್ದು: ಉಪವಾಸ ಮಾಡುವಾಗ ಜನರಿಗೆ ಕಾಣಲೆಂದು ಮುಖ ಸಪ್ಪಗೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ. ಪ್ರತಿ ವರ್ಷ ಬೂದಿ ಬುಧವಾರ ಇದೇ ಪಾಠ. ಪ್ರತಿ ವರ್ಷ ಇದೇ ಸ್ಟೇಟಸ್.

ಲೆಕ್ಕಾಚಾರದಲ್ಲಿ ಗಟ್ಟಿಗರಿಗೆ ಇನ್ನೊಂದು ಕಿಂಡಿ ಇದೆ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ ಒಟ್ಟು 46 ದಿನ. ನಡುವಿನ 6 ಭಾನುವಾರಗಳನ್ನು ಉಪವಾಸಕ್ಕೆ ಸೇರಿಸದಿದ್ದಾಗ 40 ಸಿಗುತ್ತದೆ. ಬೇರೆ ಯಾವ ದೈವಶಾಸ್ತ್ರ ತಿಳಿಯದಿದ್ದರೂ ಮೊಬೈಲು ಬಿಟ್ಟವರಿಗೆ ಈ ಲೆಕ್ಕ ಮಾತ್ರ ಕಂಠಪಾಠ. ಶನಿವಾರ ರಾತ್ರಿ 12 ದಾಟುತ್ತಲೇ ವಾರವಿಡೀ ಬಾಕಿ ಉಳಿದ ಅಭಿಪ್ರಾಯಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ.

ಚರ್ಚ್ ಗ್ರೂಪುಗಳಲ್ಲಿ ಬೈಗುಳ ಅಪರೂಪ, ಅದನ್ನು ಒಪ್ಪಲೇಬೇಕು. ಅಲ್ಲಿ ನಾಲಿಗೆ ಜಾರುವುದು ಭಕ್ತಿಯ ಮೆಟ್ಟಿಲ ಮೇಲೆ. ಮೊದಲ ಮೆಟ್ಟಿಲು ಪ್ರಾರ್ಥನಾ ಕೋರಿಕೆ. ‘ದಯವಿಟ್ಟು ಎಲ್ಲರೂ ಪ್ರಾರ್ಥಿಸಿ, ನಮ್ಮ ಮೂರನೇ ವಾರ್ಡಿನ ಒಂದು ಕುಟುಂಬ ದೊಡ್ಡ ಸಂಕಟದಲ್ಲಿದೆ... ಮಗಳ ವಿಷಯ... ಹೆಚ್ಚು ಹೇಳುವ ಹಾಗಿಲ್ಲ.’ ಇದರಲ್ಲಿ ಪ್ರಾರ್ಥನೆಯ ಪಾಲು ಮೊದಲ ಮೂರು ಪದ ಮಾತ್ರ. ಮಿಕ್ಕ ಕೆಲಸವನ್ನೆಲ್ಲ ಆ ಚುಕ್ಕಿಗಳು ಮಾಡುತ್ತವೆ. ಮೂರನೇ ವಾರ್ಡಿನಲ್ಲಿ ಇರುವುದೇ ಇಪ್ಪತ್ತು ಮನೆ, ಅದರಲ್ಲಿ ಮಗಳಿರುವ ಮನೆ ಎಂಟು. ಹೆಸರು ಹೇಳಿಬಿಟ್ಟಿದ್ದರೆ ಒಂದು ಮನೆಯ ಮಾನ ಹೋಗುತ್ತಿತ್ತು. ಹೇಳದೆ ಬಿಟ್ಟದ್ದರಿಂದ ಎಂಟೂ ಮನೆಯ ಬಾಗಿಲಿಗೆ ‘ಏನಾಯ್ತಂತೆ?’ ಎಂಬ ಫೋನು ಹೋಗುತ್ತದೆ. ‘ಬೇರೆ ಯಾರಿಗೂ ಹೇಳಬೇಡಿ’ ಎಂಬ ಸಾಲನ್ನು 240 ಜನರಿರುವ ಗ್ರೂಪಿಗೆ ಕಳಿಸುವ ಪುಣ್ಯಾತ್ಮರೂ ಇದ್ದಾರೆ.

ಇದಕ್ಕೆ ಮದ್ದು ಹಳೆಯದೇ. ಮೊದಲು ಆ ಮನೆಯವರನ್ನು ಕೇಳಬೇಕು: ಗ್ರೂಪಿಗೆ ಹಾಕಲೇ? ಹಾಕುವುದಾದರೆ ಎಷ್ಟು? ಅವರು ‘ಆಪರೇಶನ್ ಅಂತ ಮಾತ್ರ ಹಾಕಿ’ ಎಂದರೆ ಆಪರೇಶನ್ ಅಂತ ಮಾತ್ರ. ಯಾವ ಅಂಗ, ಎಷ್ಟು ಖರ್ಚು, ಸೊಸೆ ಬಂದಳೋ ಇಲ್ಲವೋ ಎಂಬುದು ಬೇಡ. ಬೇಡವೆಂದರೆ ಫಾದರ್ ಕಿವಿಗೆ ಹಾಕಿದರಾಯಿತು. ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ‘ಅಸ್ವಸ್ಥರಿಗಾಗಿ’ ಎನ್ನುವಾಗ ಅವರೂ ಸೇರಿಕೊಳ್ಳುತ್ತಾರೆ. ದೇವರಿಗೆ ವಾರ್ಡ್ ನಂಬರ್ ಕೊಡಬೇಕಾಗಿಲ್ಲ.

ಹೀಗೆ ಸಿಕ್ಕಿಬಿದ್ದವರ ಮೊದಲ ವಾದ: ‘ನಾನೇನು ಸುಳ್ಳು ಹೇಳಿದೆನಾ? ಇದ್ದದ್ದೇ ತಾನೇ!’ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವುದು ಬೇರೆ ಸಂಗತಿ. 1992ರ ಕಥೋಲಿಕ ಕ್ಯಾಟಕಿಸಂ, ಅಂದರೆ ಧರ್ಮೋಪದೇಶದ ಗ್ರಂಥ, 2477ನೇ ಪರಿಚ್ಛೇದದಲ್ಲಿ ಮೂರು ತಪ್ಪುಗಳನ್ನು ಬೇರೆ ಬೇರೆಯಾಗಿಯೇ ಹೇಳುತ್ತದೆ. ಸಾಕಷ್ಟು ಆಧಾರವಿಲ್ಲದೆ ಒಬ್ಬರ ತಪ್ಪನ್ನು ನಂಬಿಬಿಡುವುದು ಒಂದು. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸುವುದು ಇನ್ನೊಂದು. ಇವೆರಡರ ನಡುವೆ ಕೂತಿರುವುದೇ ಗ್ರೂಪಿನವರಿಗೆ ಹೊಂದುವಂಥದ್ದು: ನಿಜವೇ ಆದ ದೋಷವನ್ನು, ತಕ್ಕ ಕಾರಣವಿಲ್ಲದೆ, ಗೊತ್ತಿಲ್ಲದವರಿಗೆ ಗೊತ್ತು ಮಾಡುವುದು. ಅಂದರೆ ‘ನಿಜ ತಾನೇ’ ಎನ್ನುವುದು ಅಲ್ಲಿ ಸಮರ್ಥನೆಯಲ್ಲ, ಬರೀ ತಪ್ಪೊಪ್ಪಿಗೆ. (ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಬೇಡವೆಂಬುದು ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು, ಪ್ರೊಟೆಸ್ಟಂಟರಾದ ಸಿ.ಎಸ್.ಐ. ಸಭೆಯವರಿಗೆ ಒಂಬತ್ತನೆಯದು. ಎರಡೂ ಕಡೆಯವರಿರುವ ಗ್ರೂಪಿನಲ್ಲಿ ಯಾರಾದರೂ ಬರೀ ನಂಬರ್ ಹಾಕಿದರೆ ಸುಳ್ಳುಸಾಕ್ಷಿಯ ಮಾತು ಅಲ್ಲೇ ಬಿದ್ದುಹೋಗಿ ಸಂಜೆಯವರೆಗೆ ಎಣಿಕೆಯ ಜಗಳ ನಡೆಯುತ್ತದೆ.)

ಎರಡನೇ ಮೆಟ್ಟಿಲು, ಬೈಬಲಿನ ವಚನವನ್ನು ಕಲ್ಲಿನಂತೆ ಎಸೆಯುವುದು. ಚರ್ಚಿನ ಆಡಳಿತ ನೋಡುವ ಪಾಲನಾ ಪರಿಷತ್ತಿನ ಸಭೆ ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ. ಬೆಳಿಗ್ಗೆ ಆರಕ್ಕೆ ಸೂರ್ಯೋದಯದ ಚಿತ್ರದ ಮೇಲೆ ಒಂದು ವಚನ ಬೀಳುತ್ತದೆ: ಅಹಂಕಾರದಿಂದ ನಾಶ. ಕಳಿಸಿದವರು ‘ಶುಭೋದಯ’ ಎಂದಷ್ಟೇ ಸೇರಿಸಿರುತ್ತಾರೆ. ಅದು ಯಾರಿಗೆಂದು ಸಭೆಗೆ ಬಾರದವರಿಗೂ ತಿಳಿಯುತ್ತದೆ. 2024ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಪೂಜೆಯಲ್ಲಿ ಪಾದ್ರಿ ಮಾಡುವ ಪ್ರಬೋಧನೆ 8 ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಹೋಗುತ್ತಾರೆ ಎಂದರು. ಆ ಸುದ್ದಿಯನ್ನು ಫಾದರ್ ಇರುವ ಗ್ರೂಪಿಗೆ, ಅದೂ ಭಾನುವಾರ ಮಧ್ಯಾಹ್ನ ಕಳಿಸುವುದು ಇದೇ ಜಾತಿಗೆ ಸೇರಿದ್ದು. ಪರೀಕ್ಷೆ ಸುಲಭ: ಆ ಒಬ್ಬರು ಗ್ರೂಪಿನಲ್ಲಿ ಇಲ್ಲದಿದ್ದರೂ ಇದನ್ನು ಕಳಿಸುತ್ತಿದ್ದೆನೇ?

ವಾದಕ್ಕೆ ಇಳಿಯುವವರಿಗೆ ಬೈಬಲಿನ ಜ್ಞಾನೋಕ್ತಿ ಗ್ರಂಥದ 26ನೇ ಅಧ್ಯಾಯ ತುಂಬಾ ಪ್ರಿಯ. ಅದರ 4ನೇ ವಚನ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ. 5ನೆಯದು ಕೊಡು ಎನ್ನುತ್ತದೆ. ಪಕ್ಕಪಕ್ಕದಲ್ಲೇ! ವ್ಯಾಖ್ಯಾನಕಾರರು ಇದಕ್ಕೆ ಸಮಾಧಾನ ಹೇಳುತ್ತಾರೆ: ಯಾವಾಗ ಯಾವುದು ಎಂದು ವಿವೇಚಿಸುವುದೇ ಜ್ಞಾನ. ಕಾಮೆಂಟ್ ಬರೆಯುವವರಿಗೆ ಅಷ್ಟು ಪುರುಸೊತ್ತಿಲ್ಲ. ಅವರು ನೇರ 5ಕ್ಕೆ ಹೋಗುತ್ತಾರೆ. 4ನ್ನು ಎದುರಾಳಿಗೆಂದು ಉಳಿಸಿಕೊಳ್ಳುತ್ತಾರೆ. ಹಾಗೆಯೇ ಎಫೆಸದವರಿಗೆ ಬರೆದ ಪತ್ರದಲ್ಲಿ ಸೂರ್ಯ ಮುಳುಗುವ ಮುನ್ನ ಕೋಪ ಮುಗಿಸಿಕೊಳ್ಳಿ ಎಂದಿದೆ. ಇದನ್ನು ಸಂಜೆ ಆರೂವರೆಯೊಳಗೆ ತಿರುಗೇಟು ಕೊಟ್ಟು ಮುಗಿಸಬೇಕು ಎಂದು ಅರ್ಥ ಮಾಡಿಕೊಂಡವರು ಕಮ್ಮಿ ಇಲ್ಲ. ಮುಗಿಯಬೇಕಾದ್ದು ಕೋಪ. ಉತ್ತರ ನಾಳೆಗೂ ಕಾಯುತ್ತದೆ, ಮತ್ತು ನಾಳೆ ಬೆಳಿಗ್ಗೆ ನೋಡಿದರೆ ಹೆಚ್ಚಿನ ಸಲ ಅದು ಬೇಕಾಗಿಯೇ ಇರುವುದಿಲ್ಲ.

ಆದರೂ ಬರೆಯದಿದ್ದರೆ ಹೊಟ್ಟೆ ಉಬ್ಬರಿಸುವವರಿಗೆ ಒಂದು ದಾರಿ ಇದೆ. ವಾಟ್ಸಾಪ್‌ನಲ್ಲಿ ತನಗೆ ತಾನೇ ಸಂದೇಶ ಕಳಿಸಿಕೊಳ್ಳಬಹುದು. ಸಂಪರ್ಕಗಳ ಪಟ್ಟಿಯಲ್ಲಿ ಸ್ವಂತ ಹೆಸರು ಹುಡುಕಿ ಒತ್ತಿದರೆ ಸಾಕು. ಉತ್ತರವನ್ನು ಅಲ್ಲೇ ಬರೆಯಬೇಕು, ಗ್ರೂಪಿನ ಪೆಟ್ಟಿಗೆಯಲ್ಲಿ ಮಾತ್ರ ಕರಡು ಇಡಬಾರದು. ಏಕೆಂದರೆ ಗ್ರೂಪಿನ ಪೆಟ್ಟಿಗೆಯಲ್ಲಿ ಅರ್ಧ ಬರೆದಿಟ್ಟ ಸಿಟ್ಟು ಮೊಬೈಲು ಮೊಮ್ಮಗುವಿನ ಕೈಗೆ ಹೋದಾಗ ತಾನಾಗಿ ಹೊರಟುಬಿಡುತ್ತದೆ. ಒಂದು ರಾತ್ರಿ ಮಲಗಿ ಎದ್ದು, ಅದನ್ನು ಗಟ್ಟಿಯಾಗಿ ಓದಬೇಕು. ಅಡುಗೆಮನೆಯಲ್ಲಿರುವವರು ‘ಯಾರಿಗೆ ಬೈತಿದ್ದೀರಿ?’ ಎಂದು ಕೇಳಿದರೆ ಅಲ್ಲಿಗೆ ಬಿಟ್ಟರಾಯಿತು.

ಯಂತ್ರದ ಕಡೆಯ ಅಪಘಾತಗಳನ್ನೂ ಹೇಳಬೇಕು, ಏಕೆಂದರೆ ಅರ್ಧಕ್ಕರ್ಧ ರಾದ್ಧಾಂತ ದುಷ್ಟತನದಿಂದಲ್ಲ, ಹೆಬ್ಬೆರಳಿನಿಂದ. ಕ್ವಾಯರಿನ ಗ್ರೂಪಿಗೂ ಚರ್ಚಿನ ಗ್ರೂಪಿಗೂ ಒಂದೇ ಗೋಪುರದ ಫೋಟೋ ಇರುತ್ತದೆ. ‘ಅಲ್ಟೋದವರು ಇವತ್ತು ದೇವರನ್ನೂ ಅಳಿಸಿದರು’ ಎಂದು ಕೆಳದನಿಯ ಹಾಡುಗಾರ್ತಿಯರ ಮೇಲೆ ಬರೆದ ವಿಮರ್ಶೆ ಅಲ್ಟೋದವರ ಅತ್ತೆಯಂದಿರಿಗೂ ತಲುಪುತ್ತದೆ. ಗ್ರೂಪಿನ ಚಿತ್ರ ಬೇರೆ ಬೇರೆ ಇಡುವುದು ಅಡ್ಮಿನ್ ಮಾಡಬಹುದಾದ ಅತಿ ದೊಡ್ಡ ಧರ್ಮಕಾರ್ಯ. ಕಳಿಸಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ್ದೆಂದು ಪಕ್ಕದಲ್ಲಿ ಬರೆದುಕೊಳ್ಳುತ್ತದೆ. ಎಲ್ಲರಿಗೂ ಅಳಿಸಲು ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಸಮಯವಿದೆ, ಆದರೆ ಸಂದೇಶ ಅಳಿಸಲಾಗಿದೆ ಎಂಬ ಗೋರಿಕಲ್ಲು ಅಲ್ಲೇ ನಿಲ್ಲುತ್ತದೆ. ‘ಊಟವಾಯ್ತಾ?’ ಎಂದು ಬರೆದು ಅಳಿಸಿದರೂ ಜನ ಅಲ್ಲಿ ಹಗರಣವನ್ನೇ ಕಾಣುತ್ತಾರೆ. ಅಷ್ಟರಲ್ಲಿ ಯಾರಾದರೂ ಅದನ್ನೇ ಉಲ್ಲೇಖಿಸಿ ಉತ್ತರಿಸಿದ್ದರೆ ಆ ಉತ್ತರದ ನೆತ್ತಿಯ ಮೇಲೆ ಮೂಲ ಮಾತು ಹಾಗೆಯೇ ಉಳಿದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಗುಂಡಿ, ಗಾಬರಿಯಲ್ಲಿ ‘ನನಗೆ ಮಾತ್ರ ಅಳಿಸು’ ಎಂಬುದನ್ನು ಒತ್ತುವುದು. ತನ್ನ ಮೊಬೈಲಿನಿಂದ ಮಾಯವಾಗಿ ಬರೆದವರು ನಿಟ್ಟುಸಿರು ಬಿಡುತ್ತಾರೆ. ಮಿಕ್ಕ 239 ಜನರ ಬಳಿ ಅದು ಕ್ಷೇಮವಾಗಿದೆ. ಒತ್ತಿದ ಕೆಲವೇ ಸೆಕೆಂಡು ಕೆಳಗೆ ‘ರದ್ದು’ ಎಂದು ಕಾಣಿಸುತ್ತದೆ. ಅದನ್ನು ಕೂಡಲೇ ಒತ್ತಿದರೆ ಸಂದೇಶ ಮರಳಿ ಬರುತ್ತದೆ, ಆಮೇಲೆ ಸರಿಯಾಗಿ ಎಲ್ಲರಿಗೂ ಅಳಿಸಬಹುದು.

ಧ್ವನಿ ಸಂದೇಶ ಇನ್ನೂ ಅಪಾಯ. ಮೈಕನ್ನು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಕೈ ಬಿಟ್ಟರೂ ರೆಕಾರ್ಡ್ ನಡೆಯುತ್ತದೆ. ‘ನಾಳೆ ಶಿಲುಬೆಯ ಹಾದಿ ಸಂಜೆ ಐದಕ್ಕೆ’ ಎಂದು ಹೇಳಿ ಮುಗಿಸಿ, ಬೀಗ ಮರೆತು, ಪಕ್ಕದವರ ಕಡೆ ತಿರುಗಿ ‘ಆ ಸೆಕ್ರೆಟರಿಗೆ ಇದನ್ನೂ ನಾವೇ ಹೇಳಿಕೊಡಬೇಕು ಮಾರಾಯ್ರೆ’ ಎಂದು ಶುರುಮಾಡಿದರೆ ಅದೂ ಸೇರುತ್ತದೆ. ಮೈಕು ಓಡುತ್ತಿರುವುದು ಕಂಡಾಗ ಕೈ ನಡುಗಿ, ಕಸದ ಬುಟ್ಟಿಗೆ ಹೋಗಬೇಕಾದ ಬೆರಳು ಬಾಣದ ಗುರುತಿಗೆ ಹೋಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವವರ ಪಾಡು ಕೇಳುವುದೇ ಬೇಡ. ಅಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ‘ಪೀಠದ ಮೇಲೆ ಕೊಳೆ ಆಗಿದೆ, ಬೇಗ ಬನ್ನಿ’ ಎಂದು ಗುಡಿಸುವ ಸರದಿಯವರನ್ನು ಕರೆದರೆ ಕೊಲೆ ಆಗಿದೆಯೆಂದು ಓದಿಕೊಂಡು ಇಡೀ ಊರೇ ಬರುತ್ತದೆ. ಪೊರಕೆ ಮಾತ್ರ ಯಾರೂ ತರುವುದಿಲ್ಲ.

ಸಂತಾಪದ ಎಡವಟ್ಟು ಬೇರೆ ಬಗೆಯದು. ನೆಟ್‌ವರ್ಕ್ ಉಳಿಸಲು ಫೋಟೋ ತಾನಾಗಿ ಇಳಿಯದಂತೆ ಮಾಡಿಕೊಂಡವರಿಗೆ ಚಿತ್ರ ಮಸುಕಾಗಿ ಕಾಣುತ್ತದೆ: ಹಿರಿಯರ ಮುಖ, ಸುತ್ತ ಹೂವು. ಕೆಳಗಿನ ಬರಹ ಉದ್ದವಿದ್ದರೆ ‘ಇನ್ನಷ್ಟು ಓದಿ’ಯ ಹಿಂದೆ ಅಡಗಿರುತ್ತದೆ. ಅವಸರದವರೊಬ್ಬರು ‘ಆತ್ಮಕ್ಕೆ ಚಿರಶಾಂತಿ ಸಿಗಲಿ’ ಎಂದರೆ ಆಯಿತು, ಹಿಂದಿನವರು ಫೋಟೋ ನೋಡುವುದಿಲ್ಲ, ಮುಂದಿನವರ ಸಂದೇಶ ನೋಡುತ್ತಾರೆ. ಹನ್ನೊಂದು ಚಿರಶಾಂತಿಗಳಾದ ಮೇಲೆ ಮದುವೆಯ 50ನೇ ವರ್ಷ ಆಚರಿಸುತ್ತಿರುವ ಹಿರಿಯರೇ ‘ಧನ್ಯವಾದಗಳು, ಊಟಕ್ಕೆ ತಪ್ಪದೆ ಬನ್ನಿ’ ಎಂದು ಬರೆಯಬೇಕಾಗುತ್ತದೆ. ನಿಜವಾದ ಸಾವಿನ ಮನೆಗಾದರೆ ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರ ಮೊದಲ ವಾರ ಒಳ್ಳೆಯ ಮಾದರಿ. ಅವರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಆಮೇಲೆ ಬಾಯಿ ತೆರೆದರು, ಕೆಟ್ಟದ್ದು ಅಲ್ಲಿಂದಲೇ.

ಮುಂಜಾನೆಯ ಶುಭಾಶಯದ ಬಗ್ಗೆ ಬೈಬಲಿನಲ್ಲೇ ಸ್ಪಷ್ಟ ನಿಲುವಿದೆ ಎಂದರೆ ಬಹಳ ಜನ ನಂಬುವುದಿಲ್ಲ. ಜ್ಞಾನೋಕ್ತಿ 27:14 ತೆಗೆದು ನೋಡಬಹುದು: ಬೆಳಗ್ಗೆದ್ದು ನೆರೆಯವನನ್ನು ದೊಡ್ಡ ದನಿಯಲ್ಲಿ ಹರಸಿದರೆ ಅದು ಶಾಪವೆಂದೇ ಎಣಿಕೆಯಾಗುತ್ತದೆ. ಐದೂಕಾಲಕ್ಕೆ ಬರುವ ಗುಲಾಬಿ ಹೂವಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ, ಆದರೆ ಅದನ್ನು ಕಳಿಸಿದರೆ ಮತ್ತೆ ಎರಡನೇ ಮೆಟ್ಟಿಲಿಗೇ ಬಂದಂತೆ.

ಬಾಯಿ ಮುಚ್ಚಿಸಿದರೆ ಮಾತು ನಿಲ್ಲುತ್ತದೆಂದು ನಂಬಿದ ಅಡ್ಮಿನ್‌ಗಳು ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂದು ಬೀಗ ಹಾಕುತ್ತಾರೆ. ಬರಹ ನಿಂತ ದಿನವೇ ಪ್ರತಿಕ್ರಿಯೆಯ ಗುರುತುಗಳು ಶುರು. ಖಜಾಂಚಿಯ ಲೆಕ್ಕಪತ್ರದ ಕೆಳಗೆ ಒಂದು ನಗುಮುಖ ಇಟ್ಟರೆ ನಾಲ್ಕು ಪುಟದ ಆರೋಪಪಟ್ಟಿ ಇಟ್ಟ ಹಾಗೆ. ಇದು ಹೊಸ ಕಾಯಿಲೆಯೂ ಅಲ್ಲ. ಮಧ್ಯಯುಗದ ಫ್ರಾನ್ಸಿನ ಕ್ಲೂನಿ ಮಠದಲ್ಲಿ ಊಟದ ಹೊತ್ತು ಮೌನ ಕಡ್ಡಾಯ, ಆದ್ದರಿಂದ ಸನ್ಯಾಸಿಗಳು ಕೈಸನ್ನೆಯ ಪಟ್ಟಿಯನ್ನೇ ಮಾಡಿಕೊಂಡಿದ್ದರು. ಮೀನು ಬೇಕಾದರೆ ಅಂಗೈಯನ್ನು ಬಾಲದಂತೆ ಆಡಿಸುವುದು, ಹಾಲು ಬೇಕಾದರೆ ಕಿರುಬೆರಳನ್ನು ತುಟಿಗೆ ಇಡುವುದು. 12ನೇ ಶತಮಾನದ ಕೊನೆಯ ಭಾಗದಲ್ಲಿ ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ ಇಂಗ್ಲೆಂಡಿನ ಕ್ಯಾಂಟರ್‌ಬರಿ ಮಠದಲ್ಲಿ ಊಟಕ್ಕೆ ಕೂತ. ಬೆರಳು, ಕೈ, ತೋಳು ಎಲ್ಲ ಸೇರಿ ನಡೆಸಿದ ಆ ಗದ್ದಲ, ಬಾಯಿಯಿಂದ ಹೊರಟ ಸಿಳ್ಳೆ ಇವನ್ನೆಲ್ಲ ಕಂಡು, ತಾನು ನಟರು ವಿದೂಷಕರ ನಡುವೆ ಕೂತಿದ್ದೇನೋ ಎನಿಸಿತೆಂದು ಬರೆದಿಟ್ಟ. ಹೀಗೆ ಸನ್ನೆ ಮಾಡುವುದಕ್ಕಿಂತ ನಾಲ್ಕು ಮಾತು ಆಡಿಬಿಡುವುದೇ ಮೇಲು ಎಂಬುದು ಅವನ ಅಭಿಪ್ರಾಯ. ಬೀಗ ಹಾಕಿದ ಗ್ರೂಪು ನೋಡಿದವರಿಗೂ ಹಾಗೆಯೇ ಅನಿಸುತ್ತದೆ.

ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಅಬ್ಬಾ (ಅಂದರೆ ತಂದೆ) ಅಗಾಥೋನ್ ಇನ್ನೂ ಕಠಿಣ. ಮೌನ ಕಲಿಯಲು ಮೂರು ವರ್ಷ ಬಾಯಲ್ಲಿ ಕಲ್ಲು ಇಟ್ಟುಕೊಂಡಿದ್ದನಂತೆ. ಇಂದಿನವರು ಇದನ್ನು ಅನುಸರಿಸುವುದು ಬೇಡ. ಹಲ್ಲಿನ ಖರ್ಚು ಬಲು ಜಾಸ್ತಿ, ಅಲ್ಲದೆ ಬಾಯಲ್ಲಿ ಕಲ್ಲಿದ್ದರೂ ಬೆರಳು ಖಾಲಿ ಇರುತ್ತದೆ. ಆದರೆ ಮಾತಿಗೆ ಕಲ್ಲು ಅಡ್ಡ ಬಂದರೆ ಒಳ್ಳೆಯದೇ ಆಗುತ್ತದೆ ಎನ್ನುವುದಕ್ಕೆ ಮಂಗಳೂರಿನಲ್ಲೇ ಸಾಕ್ಷಿ ಇದೆ. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಶುರುಮಾಡಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ, ಪಕ್ಷಕ್ಕೊಮ್ಮೆ ಬರುತ್ತಿತ್ತು. ಕಲ್ಲಿನ ಮೇಲೆ ಜಿಡ್ಡುಮಸಿಯ ಅಕ್ಷರ ಮೂಡಿಸಿ, ಒಂದೊಂದೇ ಹಾಳೆ ಒತ್ತಿ ತೆಗೆಯಬೇಕು. ಹದಿನೈದು ದಿನ ಕಾದು, ಅಷ್ಟು ಬೆವರು ಸುರಿಸಿ ‘ಕೆಲವರು ತಮ್ಮನ್ನು ಏನೆಂದುಕೊಂಡಿದ್ದಾರೋ’ ಎಂದು ಅಚ್ಚು ಹಾಕಲು ಯಾರಿಗೂ ಮನಸ್ಸು ಬರಲಾರದು.

ಜಗಳ ನಿಜವಾಗಿಯೂ ಇದ್ದರೆ? ಅದಕ್ಕೆ ಮತ್ತಾಯನ 18ನೇ ಅಧ್ಯಾಯದಲ್ಲಿ ಕ್ರಮವಿದೆ. ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಗ್ರೂಪಿನಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಸಭೆಗೆ ಹಾಕುತ್ತಾರೆ. ಆಮೇಲೆ ಆ ಒಬ್ಬರನ್ನು ಮಾತ್ರ ಬಿಟ್ಟು ಇಬ್ಬರು ಮೂವರ ಬೇರೆ ಗ್ರೂಪು ಹುಟ್ಟುತ್ತದೆ. ಕೊನೆಗೆ, ಎಲ್ಲ ಮುಗಿದ ಮೇಲೆ ಅವರಿಗೊಂದು ಫೋನು: ‘ನೀವು ತಪ್ಪು ತಿಳಿಯಬೇಡಿ.’ 2020ರ ಸೆಪ್ಟೆಂಬರ್ 6ರ ಭಾನುವಾರ ಪೋಪ್ ಫ್ರಾನ್ಸಿಸ್ ಇದೇ ಭಾಗವನ್ನು ವಿವರಿಸುತ್ತ ಚಾಡಿಮಾತು ಕೋವಿಡ್‌ಗಿಂತ ಕೆಟ್ಟ ಪಿಡುಗು ಎಂದರು. ಅದನ್ನೂ ‘ಕೆಲವರು ಓದಲೇಬೇಕಾದದ್ದು’ ಎಂಬ ತಲೆಬರಹ ಕೊಟ್ಟು ಕಳಿಸಲು ಸಾಧ್ಯ ಎನ್ನುವುದೇ ನಮ್ಮ ಪ್ರತಿಭೆ.

ಇನ್ನು ಪಾಪನಿವೇದನೆ. ‘ನಾನು ಬರೆದದ್ದಲ್ಲ, ಬರೀ ಫಾರ್ವರ್ಡ್ ಮಾಡಿದ್ದು’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ವಾಟ್ಸಾಪ್ ಕೂಡ ಒಪ್ಪುವುದಿಲ್ಲ: ಒಮ್ಮೆಗೆ ಐದು ಕಡೆ ಮಾತ್ರ ಎಂದು ಭಾರತದಲ್ಲಿ 2018ರಲ್ಲೇ ಮಿತಿ ಹಾಕಿತು, ಜೋಡಿ ಬಾಣ ಬಿದ್ದ, ಅಂದರೆ ಹಲವು ಕೈ ದಾಟಿ ಬಂದ ಸಂದೇಶವನ್ನಾದರೆ 2020ರಿಂದ ಒಮ್ಮೆಗೆ ಒಂದೇ ಕಡೆಗೆ ಬಿಡುತ್ತದೆ. ಅಷ್ಟಾದರೂ ಹರಡಬಾರದ್ದನ್ನು ಹರಡಿದವರು ಪಾಪನಿವೇದನೆ ಮಾಡಿದರೆ ಸಾಲದು, ಕೆಡಿಸಿದ ಹೆಸರನ್ನು ಕೈಲಾದಷ್ಟು ಸರಿಪಡಿಸಲೂ ಬೇಕು. ಕ್ಷಮೆಗೆ ಮೂರು ಸಾಲು ಸಾಕು: ಇಂಥದ್ದು ಹೇಳಿದ್ದೆ, ಅದು ತಪ್ಪು, ಕ್ಷಮಿಸಿ. ‘ಯಾರಿಗಾದರೂ ನೋವಾಗಿದ್ದರೆ’ ಎಂದು ಸೇರಿಸಿದರೆ ಅದು ಕ್ಷಮೆಯಲ್ಲ, ನೋವಾದವರ ಮೇಲೆ ಹೊಸ ದೂರು. ಆದರೆ ಗ್ರೂಪಿಗೆ ಕ್ಷಮೆ ಹಾಕುವ ಮುನ್ನ ಹಳೆಯ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆಗೆದು, ಎಷ್ಟು ಜನ ಓದಿದ್ದಾರೆಂದು ನೋಡಿಕೊಳ್ಳುವುದು ಒಳ್ಳೆಯದು. ನಾಲ್ಕೇ ಜನ ಓದಿದ್ದರೆ ಅದನ್ನು ಎಲ್ಲರಿಗೂ ಅಳಿಸಿ, ಆ ನಾಲ್ವರಿಗೂ, ಹೆಸರು ಕೆಟ್ಟವರಿಗೂ ಬೇರೆಬೇರೆಯಾಗಿ ಫೋನ್ ಮಾಡಬೇಕು. ಇಲ್ಲದಿದ್ದರೆ ಕ್ಷಮೆ ಹಾಕಿದ ಎರಡು ನಿಮಿಷಕ್ಕೆ ಮಿಕ್ಕ 235 ಜನರ ಪರವಾಗಿ ಒಬ್ಬರು ಕೇಳುತ್ತಾರೆ: ‘ಯಾವ ಮೆಸೇಜು? ನಾವು ನೋಡೇ ಇಲ್ವಲ್ಲ. ಇನ್ನೊಮ್ಮೆ ಹಾಕಿ.’